ಮೈದಾನದ ಮೆಟ್ಟಿಲ ಮೇಲಿನ ಮಾತು

ಆಟ ನೋಡಲು ಹೋದವರು ಆಟವನ್ನಷ್ಟೇ ನೋಡಿ ಬರುತ್ತಾರೆಂದು ತಿಳಿದವರು ಮೈದಾನದ ಮೆಟ್ಟಿಲ ಮೇಲೆ ಒಂದು ದಿನವೂ ಕುಳಿತವರಲ್ಲ. ಚೆಂಡು ಅತ್ತ ಓಡುತ್ತಿರುತ್ತದೆ, ಕಣ್ಣು ಅದರ ಹಿಂದೆ ಇರುತ್ತದೆ. ಬಾಯಿ ಮಾತ್ರ ಬೇರೆ ಕೆಲಸದಲ್ಲಿ ತೊಡಗಿರುತ್ತದೆ. ಮಗಳ ಮದುವೆ, ಕಾಫಿಯ ಬೆಲೆ, ಬ್ಯಾಂಕಿನ ನೋಟೀಸು, ಊರಿನ ಹಳೆಯ ವ್ಯಾಜ್ಯ, ಬೆಂಗಳೂರಿಗೆ ಹೋದ ಮಗ ಹಬ್ಬಕ್ಕೂ ಬಾರದ ಕೊರಗು, ಇವೆಲ್ಲ ಅಲ್ಲಿ ಬಂದು ಹೋಗುತ್ತವೆ. ಹಲವು ವರ್ಷ ಇಂತಹ ಮೆಟ್ಟಿಲ ಮೇಲೆ ಕುಳಿತು ನಾವು ಕಲಿತದ್ದನ್ನು, ಅದಕ್ಕಿಂತ ಹೆಚ್ಚಾಗಿ ಕಲಿಯದೆ ಕೆಟ್ಟದ್ದನ್ನು, ಈ ಪತ್ರಿಕೆಯ ಓದುಗ ಬಂಧುಗಳ ಮುಂದೆ ಇಡಬೇಕೆಂಬ ಆಸೆ ಬಹುದಿನಗಳಿಂದ ಇತ್ತು.

ನಮ್ಮ ಕೊಡಗಿನಲ್ಲಿ ಹಾಕಿಯೆಂದರೆ ಬರಿಯ ಆಟವಲ್ಲವೆಂಬುದು ನಾಡಿಗೆ ತಿಳಿದ ಸಂಗತಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಎಂ.ಪಿ. ಗಣೇಶ್, 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಈ ಮಣ್ಣಿನವರು. ನಮ್ಮ ಸೋಮವಾರಪೇಟೆಯೇ ಅರ್ಜುನ್ ಹಾಲಪ್ಪ ಮತ್ತು ಎಸ್.ವಿ. ಸುನಿಲ್ ಎಂಬ ಇಬ್ಬರು ಒಲಿಂಪಿಕ್ ಆಟಗಾರರನ್ನು ಕೊಟ್ಟಿದೆ. ಆದರೆ ನಾವು ಹೇಳಹೊರಟಿರುವುದು ಪದಕಗಳ ವಿಷಯವಲ್ಲ. 1997ರಲ್ಲಿ ವಿರಾಜಪೇಟೆ ಸಮೀಪದ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಒಂದು ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಒಂದು ಒಕ್ಕಕ್ಕೆ ಒಂದು ತಂಡ. ಆಡುವವರೆಲ್ಲ ಒಂದೇ ಮನೆಹೆಸರಿನವರಾಗಿರಬೇಕು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಓಡಬಹುದು. ಹೆಣ್ಣುಮಕ್ಕಳೂ ಕೋಲು ಹಿಡಿದು ಇಳಿಯಬಹುದು. ಮೊದಲ ವರ್ಷ 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯ ಪುಟಕ್ಕೆ ಸೇರಿದವು. ಪ್ರತಿ ವರ್ಷ ಒಂದೊಂದು ಒಕ್ಕ ಆತಿಥ್ಯದ ಭಾರವನ್ನು ಹೊರುತ್ತದೆ, ಕಪ್ಪಿಗೆ ಆ ಒಕ್ಕದ ಹೆಸರೇ ಇರುತ್ತದೆ.

ಶನಿವಾರಸಂತೆಯ ಕಡೆಯ ಲಿಂಗಾಯತರಾದ ನಮಗೆ ಅಲ್ಲೇನು ಕೆಲಸವೆಂದು ಕೆಲವರು ಕೇಳುವುದುಂಟು. ಹಾಲೇರಿಯ ವೀರಶೈವ ಅರಸರ ಕಾಲದಿಂದಲೂ ಕೊಡವರೂ ನಾವೂ ಒಂದೇ ಮಳೆಯಲ್ಲಿ ನೆನೆದವರು. ಅದಲ್ಲದೆ ಅಧ್ಯಾಪಕ ವೃತ್ತಿಯ ಬಹುಭಾಗವನ್ನು ನಾವು ದಕ್ಷಿಣ ಕೊಡಗಿನ ಶಾಲೆಗಳಲ್ಲಿ ಕಳೆದೆವು. ನಾವು ಕಲಿಸಿದ ಹುಡುಗರು ತಮ್ಮ ತಮ್ಮ ಒಕ್ಕದ ಅಂಗಿ ತೊಟ್ಟು ಆಡುವುದನ್ನು ನೋಡಲು ಹೋದದ್ದು ಮೊದಲು. ಬರಬರುತ್ತ ಅದೊಂದು ವ್ರತದಂತಾಯಿತು. ನಿವೃತ್ತಿಯ ನಂತರವೂ ಏಪ್ರಿಲ್ ಬಂದರೆ ಸೋಮವಾರಪೇಟೆ, ಮಡಿಕೇರಿ ಹಾದು, ಬಸ್ಸು ಬದಲಿಸಿ, ಪಂದ್ಯ ಎಲ್ಲಿ ನಡೆದರೂ ನಾಲ್ಕಾರು ದಿನವಾದರೂ ಹೋಗಿ ಬರುತ್ತಿದ್ದೆವು.

ಅಲ್ಲಿ ನಮಗೊಂದು ಕೂಟವಿತ್ತು. ನಮ್ಮೊಡನೆ ಮೂವರು. ಒಬ್ಬರು ಸೈನ್ಯದಿಂದ ನಿವೃತ್ತರಾದ ಕೊಡವ ಸುಬೇದಾರರು. ಇನ್ನೊಬ್ಬರು ಬ್ಯಾಂಕಿನಲ್ಲಿ ಗುಮಾಸ್ತರಾಗಿ ಮೂವತ್ತು ವರ್ಷ ದುಡಿದ ಅರೆಭಾಷೆ ಗೌಡರು. ಮೂರನೆಯವರು ಕರಿಮೆಣಸಿನ ವ್ಯಾಪಾರ ಮಾಡುತ್ತಿದ್ದ ಮಾಪಿಳ್ಳೆ ಸಾಹೇಬರು. ನಾಲ್ವರ ದೇವರು ಬೇರೆ, ಊಟ ಬೇರೆ, ಮನೆಯ ಮಾತು ಬೇರೆ. ನಾವು ತಂದ ಬುತ್ತಿಯನ್ನು ನಾವು ಬಿಚ್ಚುವವರೆಗೆ ಅವರು ತಮ್ಮ ಊಟಕ್ಕೆ ಏಳುತ್ತಿರಲಿಲ್ಲ. ಊಟದ ಹೊತ್ತಿಗೆ ತಾವೇ ಅತ್ತ ಹೋಗಿ ಮುಗಿಸಿ ಬರುತ್ತಿದ್ದರು. ಸಾಹೇಬರು ಹುರಿದ ಕಡಲೆಕಾಯಿಯ ಪೊಟ್ಟಣವನ್ನು ಮಾತ್ರ ತಪ್ಪದೆ ತರುತ್ತಿದ್ದರು. ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಮಾತು ಸಾಮಾನ್ಯವಾಗಿ ಮಳೆಯಿಂದ ಆರಂಭವಾಗುತ್ತಿತ್ತು. ಪಂದ್ಯಾವಳಿಯ ಕಾಲವೂ ಹೂಮಳೆಯ ಕಾಲವೂ ಹೆಚ್ಚುಕಡಿಮೆ ಒಂದೇ. ನಿಮ್ಮ ಕಡೆ ಎಷ್ಟು ಇಂಚು ಬಿತ್ತು, ಹೂವು ನಿಂತಿತೇ, ಎರಡನೆಯ ಮಳೆ ಬಂತೇ ಎಂದು ಕೇಳದೆ ಯಾರೂ ಯಾರನ್ನೂ ಮಾತನಾಡಿಸುವುದಿಲ್ಲ. ಮಳೆಯಿಂದ ಕಾಫಿಗೆ, ಕಾಫಿಯಿಂದ ಬೆಲೆಗೆ ಮಾತು ಹೊರಳುತ್ತಿತ್ತು. ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಿ, ಹಣ ಕಂತುಕಂತಾಗಿ ಬರುವುದನ್ನು ಕಾಯುತ್ತಿದ್ದ ಕಾಲವನ್ನು ಸುಬೇದಾರರು ನೆನೆಯುತ್ತಿದ್ದರು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿ, ಮಾರುವ ಸ್ವಾತಂತ್ರ್ಯ ಬೆಳೆಗಾರನ ಕೈಗೆ ಬಂತು. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿಯ ಗಿಡಗಳು ಸುಟ್ಟಾಗ ಇಲ್ಲಿಯ ಬೆಲೆ ಏರಿತು. ಕೊಡಗಿನಲ್ಲಿ ಹೊಸ ಜೀಪುಗಳು, ಹೊಸ ಮನೆಗಳು ಎದ್ದವು. 2000ದಿಂದ ಮೂರು ನಾಲ್ಕು ವರ್ಷ ಬೆಲೆ ಪಾತಾಳಕ್ಕಿಳಿದಾಗ ಅದೇ ಜೀಪುಗಳ ಕಂತು ಕಟ್ಟಲಾಗದೆ ಜನ ಒದ್ದಾಡಿದರು. "ಕೆಟ್ಟ ಬೆಲೆಯ ವರ್ಷ ಮಾಡಿದ ಸಾಲ ಕಡಿಮೆ ಮಾಸ್ಟ್ರೇ. ಒಳ್ಳೆಯ ಬೆಲೆಯ ವರ್ಷ ಮಾಡಿದ ಸಾಲವೇ ಮನೆ ಮುಳುಗಿಸಿದ್ದು" ಎಂದು ಗೌಡರು ಅನೇಕ ಸಲ ಹೇಳುತ್ತಿದ್ದರು. ಮೂವತ್ತು ವರ್ಷ ಇತರರ ಲೆಕ್ಕವನ್ನು ಬರೆದ ಕೈ ಅವರದು.

ಅಲ್ಲಿಂದ ಮಾತು ಮನೆಯೊಳಗೆ ಬರುತ್ತಿತ್ತು. ತೋಟದ ಕೆಲಸಕ್ಕೆ ಅಸ್ಸಾಮಿನಿಂದಲೂ ಬಂಗಾಳದಿಂದಲೂ ಜನ ಬರುವಂತಾದದ್ದು, ಮನೆಯ ಹುಡುಗರು ಸೈನ್ಯಕ್ಕೆ ಹೋಗುವುದನ್ನು ಬಿಟ್ಟು ಕಂಪ್ಯೂಟರ್ ಕೆಲಸಕ್ಕೆ ಹೋದದ್ದು, ದೊಡ್ಡ ಐನ್‌ಮನೆಯಲ್ಲಿ ಇಬ್ಬರು ಮುದುಕರು ಮಾತ್ರ ಉಳಿದದ್ದು, ಅದೇ ಮನೆಯ ಎರಡು ಕೋಣೆ ಪ್ರವಾಸಿಗರ ಹೋಂಸ್ಟೇ ಆದದ್ದು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದ ವಿಷಯದಲ್ಲಿ ನಾಲ್ವರಲ್ಲೂ ಒಮ್ಮತವಿರಲಿಲ್ಲ. ಒಂದು ಮಧ್ಯಾಹ್ನವೆಲ್ಲ ಅದೇ ಚರ್ಚೆ ನಡೆಯಿತು. ಅಷ್ಟರಲ್ಲಿ ಮೈದಾನದಲ್ಲಿ ಹದಿನೈದು ಹದಿನಾರರ ಹುಡುಗಿಯೊಬ್ಬಳು ತನ್ನ ಚಿಕ್ಕಪ್ಪನಂತಹ ಆಟಗಾರನಿಂದ ಚೆಂಡನ್ನು ಕಸಿದುಕೊಂಡು ಮುನ್ನುಗ್ಗಿದಳು. ಸುಬೇದಾರರು ಎದ್ದುನಿಂತು ಚಪ್ಪಾಳೆ ತಟ್ಟಿ, ಕುಳಿತ ಮೇಲೆ, "ಆಟಕ್ಕೆ ಬೇಕು, ಆಸ್ತಿಗೆ ಬೇಡ ಎಂದರೆ ನ್ಯಾಯವೇ?" ಎಂದು ತಮಗೆ ತಾವೇ ಕೇಳಿಕೊಂಡರು. ಅಲ್ಲಿಯವರೆಗೆ ವಿರುದ್ಧವಾಗಿ ವಾದಿಸುತ್ತಿದ್ದವರು ಅವರೇ.

ಇಂತಹ ಮಾತು ಮನೆಯ ಪಡಸಾಲೆಯಲ್ಲಿ ಏಕೆ ಹುಟ್ಟುವುದಿಲ್ಲವೆಂದು ನಾವು ಯೋಚಿಸಿದ್ದೇವೆ. ಎದುರುಬದುರು ಕುಳಿತಾಗ ಮುಖ ನೋಡಬೇಕಾಗುತ್ತದೆ. ಮೈದಾನದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುತ್ತೇವೆ. ಕಣ್ಣಿಗೆ ಬೇರೊಂದು ಕೆಲಸವಿರುತ್ತದೆ. ನಾಚಿಕೆಯ ಮಾತನ್ನು ಚೆಂಡಿನ ಕಡೆ ನೋಡುತ್ತಲೇ ಹೇಳಿಬಿಡಬಹುದು. ಗಂಡಸರು, ಅದರಲ್ಲಿಯೂ ನಮ್ಮ ತಲೆಮಾರಿನ ಗಂಡಸರು, ಹಣದ ವಿಷಯದಲ್ಲಿ ಬಾಯಿ ಬಿಡಲು ಇಂತಹದೊಂದು ಮರೆ ಬೇಕಾಗುತ್ತದೆ. ನಮಗೂ ಅದು ಬೇಕಾಯಿತು.

2018ರಲ್ಲಿ ನಾಪೋಕ್ಲಿನಲ್ಲಿ ಕುಲ್ಲೇಟಿರ ಕಪ್ ನಡೆಯಿತು. ಆ ವರ್ಷ ನಾವು ಮೈದಾನಕ್ಕೆ ಹೋದಾಗ ಎದೆಯೊಳಗೆ ಒಂದು ಕಲ್ಲಿತ್ತು. ನಿವೃತ್ತಿಯ ನಂತರ ಸುಮ್ಮನೆ ಕೂರಬಾರದೆಂದು ನಮ್ಮೂರಿನ ಹತ್ತಿರ ಗುತ್ತಿಗೆಗೆ ಗದ್ದೆ ಹಿಡಿದು ಶುಂಠಿ ಹಾಕಿದ್ದೆವು. ಅಕ್ಕಪಕ್ಕದವರು ಹಿಂದಿನ ವರ್ಷಗಳಲ್ಲಿ ಕೈತುಂಬ ಹಣ ಕಂಡಿದ್ದರು, ಕಣ್ಣು ಕುಕ್ಕಿತ್ತು. ಗುತ್ತಿಗೆ, ಬೀಜ, ಗೊಬ್ಬರಕ್ಕೆಂದು 2017ರ ಜನವರಿಯಲ್ಲಿ ಒಬ್ಬರಿಂದ 4 ಲಕ್ಷ ರೂಪಾಯಿ ಕೈಸಾಲ ತಂದೆವು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮಳೆಗಾಲದಲ್ಲಿ ಕೊಳೆರೋಗ ಬಿದ್ದು ಅರ್ಧಕ್ಕಿಂತ ಹೆಚ್ಚು ಮಡಿ ನೆಲದಲ್ಲಿಯೇ ಕರಗಿತು. ಉಳಿದದ್ದು ಕಿತ್ತ ಕೂಲಿಗೂ ಸಾಲಲಿಲ್ಲ. ಪಿಂಚಣಿ ಬಂದ ದಿನವೇ 12,000 ರೂಪಾಯಿ ಬಡ್ಡಿಗೆ ಹೋಗುತ್ತಿತ್ತು. ಈ ಸಾಲದ ವಿಷಯವನ್ನು ಮನೆಯಲ್ಲಿ ಹೇಳಿರಲಿಲ್ಲ. ಗದ್ದೆಗೆ ಹಾಕಿದ್ದು ನಿವೃತ್ತಿಯ ಹಣವೆಂದೇ ಮನೆಯವರು ನಂಬಿದ್ದರು, ಅಥವಾ ನಂಬಿದ್ದಾರೆಂದು ನಾವು ನಂಬಿದ್ದೆವು.

ಆ ದಿನ ಎರಡನೆಯ ಪಂದ್ಯದ ಹೊತ್ತಿಗೆ ಗೌಡರು ಯಾರದೋ ಸಾಲದ ಕಥೆ ಹೇಳುತ್ತಿದ್ದರು. ಅದನ್ನು ಕೇಳುತ್ತ ಕೇಳುತ್ತ ನಮ್ಮ ಬಾಯಿಂದ ನಮ್ಮ ಕಥೆ ಹೊರಬಂತು. ಅರ್ಧ ಹೇಳಿದ್ದೆವು, ಪೆನಾಲ್ಟಿ ಕಾರ್ನರ್ ಸಿಕ್ಕಿತು. ಸುತ್ತಲಿನವರೆಲ್ಲ ಎದ್ದು ಕೂಗಿದರು. ಗೋಲಾಯಿತು, ಗದ್ದಲ ಅಡಗಿತು, ಎಲ್ಲರೂ ಕುಳಿತರು. ವಿಷಯ ತಪ್ಪಿಹೋಯಿತೆಂದು ನಾವು ಒಳಗೊಳಗೇ ಸಮಾಧಾನಪಟ್ಟೆವು. ಸುಬೇದಾರರು ಮೈದಾನದ ಕಡೆಯೇ ನೋಡುತ್ತ, "ಮುಂದೆ ಹೇಳಿ ಮಾಸ್ಟ್ರೇ" ಎಂದರು. ಹೇಳಿ ಮುಗಿಸಿದೆವು.

ಯಾರೂ ಅಯ್ಯೋ ಎನ್ನಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಗೌಡರು ಪಂದ್ಯಗಳ ಪಟ್ಟಿ ಅಚ್ಚಾಗಿದ್ದ ಹಾಳೆಯನ್ನು ತಿರುವಿ ಲೆಕ್ಕ ಹಾಕಿದರು. ಹದಿನೈದು ತಿಂಗಳಲ್ಲಿ ಕಟ್ಟಿದ ಬಡ್ಡಿ 1,80,000. ಅಸಲಿನಲ್ಲಿ ಇಳಿದದ್ದು ಸೊನ್ನೆ. ನೂರಕ್ಕೆ ಮೂರು ಎಂದರೆ ಬಾಯಿಗೆ ಸಣ್ಣದು. ವರ್ಷಕ್ಕೆ ಮೂವತ್ತಾರು ಎಂದು ಬರೆದಾಗ ಅದರ ಹಲ್ಲು ಕಂಡಿತು. ಬ್ಯಾಂಕಿನಲ್ಲಿ ಬಂಗಾರವಿಟ್ಟರೆ ಹನ್ನೊಂದರ ಆಸುಪಾಸಿಗೆ ಸಾಲ ಸಿಗುತ್ತದೆ ಎಂದರು. ಮನೆಯಲ್ಲಿ ಬಂಗಾರವಿದೆಯೇ ಎಂದು ಕೇಳಿದರು. ಇದೆ, ಆದರೆ ಕೇಳುವುದು ಹೇಗೆ ಎಂದೆವು. ಆಗ ಸಾಹೇಬರು ಕಡಲೆಕಾಯಿ ಸುಲಿಯುತ್ತ, "ನಮಗೆ ಹೇಳಿದ ಹಾಗೆಯೇ ಅಮ್ಮನವರಿಗೂ ಹೇಳಿ. ಅವರಿಗೆ ನಮಗಿಂತ ಮೊದಲು ಹೇಳಬೇಕಿತ್ತು" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ರಾತ್ರಿ ಮನೆ ಸೇರಿ, ಲಿಂಗಪೂಜೆ ಮುಗಿಸಿ, ಪ್ರಸಾದಕ್ಕೆ ಕುಳಿತಾಗ ಹೇಳಿದೆವು. ಮನೆಯವರು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, "ಪ್ರತಿ ತಿಂಗಳು ಪಿಂಚಣಿ ಹನ್ನೆರಡು ಸಾವಿರ ಕಡಿಮೆ ಬರುತ್ತಿತ್ತು. ನೀವಾಗಿ ಹೇಳುತ್ತೀರೆಂದು ಕಾದೆ. ಕೊನೆಗೆ ನಾಪೋಕ್ಲಿನವರಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾಲ್ಕು ಲಕ್ಷಕ್ಕಾಗಿ ಬಂದ ನೀರಲ್ಲವೆಂಬುದು ನಮಗೆ ತಿಳಿಯಿತು.

ಮರುದಿನ ಬೆಳಿಗ್ಗೆ ಅವರೇ ಹಾಳೆ ಪೆನ್ನು ಹಿಡಿದು ಕುಳಿತರು. ಅಟ್ಟದ ಮೇಲಿದ್ದ ಕರಿಮೆಣಸನ್ನು ಮಾರಿ ಒಂದು ಲಕ್ಷ, ತಮ್ಮ ಬಂಗಾರವನ್ನು ಬ್ಯಾಂಕಿನಲ್ಲಿಟ್ಟು ಮೂರು ಲಕ್ಷ ಹೊಂದಿಸಿ ಕೈಸಾಲವನ್ನು ಒಂದೇ ದಿನದಲ್ಲಿ ತೀರಿಸಲಾಯಿತು. ಬಡ್ಡಿಗೆ ಹೋಗುತ್ತಿದ್ದ ಅದೇ 12,000 ರೂಪಾಯಿಯನ್ನು ಬ್ಯಾಂಕಿಗೆ ತಪ್ಪದೆ ಕಟ್ಟುತ್ತ, ವರ್ಷಕ್ಕೊಮ್ಮೆ ಸಾಲವನ್ನು ನವೀಕರಿಸುತ್ತ ಬಂದೆವು. ವರ್ಷಕ್ಕೆ 1,44,000 ನುಂಗುತ್ತಿದ್ದ ಬಡ್ಡಿ ಮೊದಲ ವರ್ಷವೇ 33,000ಕ್ಕಿಂತ ಕೆಳಗೆ ಇಳಿಯಿತು. ಉಳಿದದ್ದು ಅಸಲನ್ನು ತಿಂದಿತು. 2020ರ ಅಕ್ಟೋಬರಿನಲ್ಲಿ ಬಂಗಾರ ಮನೆಗೆ ಮರಳಿ ಬಂತು. ಇದರಲ್ಲಿ ನಮ್ಮ ಜಾಣತನವೆಂಬುದು ಎಳ್ಳಷ್ಟೂ ಇಲ್ಲ. ಲೆಕ್ಕ ಗೌಡರದು, ಧೈರ್ಯ ಮನೆಯವರದು.

ನಾವು ಶರಣರ ಮಾರ್ಗದಲ್ಲಿ ಹುಟ್ಟಿ ಬೆಳೆದವರು. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆ ದಂಪತಿಗಳ ಕಾಯಕ. ಒಮ್ಮೆ ಮಾರಯ್ಯನವರು ಅನುಭವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತುಹೋಯಿತೆಂದು ಎಚ್ಚರಿಸಿ ಎಬ್ಬಿಸಿದವರು ಪತ್ನಿ ಲಕ್ಕಮ್ಮನವರು. ಇನ್ನೊಮ್ಮೆ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೇಕೆ ಎಂದು ಪ್ರಶ್ನಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದವರೂ ಅವರೇ. ಮಾರಯ್ಯನವರು ತಂದದ್ದನ್ನೆಲ್ಲ ಪತ್ನಿಯ ಮುಂದೆ ಸುರಿದದ್ದರಿಂದಲ್ಲವೇ ಅವರು ಅಳೆದು ನೋಡಲು ಸಾಧ್ಯವಾದದ್ದು? ಅಕ್ಕಿಯನ್ನು ಮುಚ್ಚಿಟ್ಟಿದ್ದರೆ ಲಕ್ಕಮ್ಮನವರ ವಿವೇಕಕ್ಕೆ ಎಡೆಯೇ ಇರುತ್ತಿರಲಿಲ್ಲ. ಕಥೆಯ ಈ ಭಾಗವನ್ನು ಮಕ್ಕಳಿಗೆ ಹೇಳುತ್ತಿದ್ದ ಮಾಸ್ತರರಿಗೆ ಅದು ಅರ್ಥವಾಗಲು ಶುಂಠಿಗೆ ಕೊಳೆರೋಗ ಬರಬೇಕಾಯಿತು.

ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದು ಬಂದ ನಮ್ಮ ಸೋದರಳಿಯನಿಗೆ ಒಮ್ಮೆ ಈ ಮೆಟ್ಟಿಲ ಮಾತಿನ ವಿಷಯ ಹೇಳಿದಾಗ, ಅಲ್ಲಿಯ ಫುಟ್‌ಬಾಲ್ ಅಭಿಮಾನಿಗಳೂ ಹೀಗೆಯೇ ಎಂದನು. ಆಟದ ನಡುವೆ ಮನೆಸಾಲದ ಕಂತು, ಕೆಲಸ ಹೋದ ಸುದ್ದಿ, ಪಿಂಚಣಿಯ ಚಿಂತೆ ಎಲ್ಲವೂ ಬರುತ್ತವಂತೆ. ಹಿಂದೆ ಅಲ್ಲಿ ದುಡಿಯುವ ಜನ ಕಡಿಮೆ ಹಣ ಕೊಟ್ಟು, ಹೆಗಲಿಗೆ ಹೆಗಲು ತಾಗಿಸಿ ನಿಂತು ಆಟ ನೋಡುತ್ತಿದ್ದರು. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ 97 ಮಂದಿ ಪ್ರಾಣ ಕಳೆದುಕೊಂಡರು. ಅದರ ನಂತರ ದೊಡ್ಡ ಮೈದಾನಗಳಲ್ಲೆಲ್ಲ ಕುರ್ಚಿಗಳು ಬಂದವು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾಯಿತು, ಟೆಲಿವಿಷನ್ನಿನ ಹಣ ಹರಿಯಿತು, ಟಿಕೆಟಿನ ಬೆಲೆಯೂ ಏರಿತು. ಅಪ್ಪ ಅಜ್ಜನ ಕಾಲದಿಂದ ಬರುತ್ತಿದ್ದ ಅನೇಕರಿಗೆ ಅದು ಕೈಗೆಟುಕದಾಯಿತು. ಲಂಡನ್ನಿನ ವಿಂಬಲ್ಡನ್ ತಂಡವನ್ನು ಬೇರೆ ಊರಿಗೆ ಒಯ್ಯಲು 2002ರಲ್ಲಿ ಒಪ್ಪಿಗೆ ಸಿಕ್ಕಿದಾಗ ಅಲ್ಲಿಯ ಅಭಿಮಾನಿಗಳು ಗೊಣಗಿ ಸುಮ್ಮನಾಗಲಿಲ್ಲ. ಅದೇ ವರ್ಷ ತಾವೇ ಕೂಡಿ ಹೊಸ ತಂಡವೊಂದನ್ನು ಕಟ್ಟಿ, ಕೆಳಗಿನ ಹಂತದಿಂದ ಆಡುತ್ತ ಮೇಲೇರಿ, 2020ರಲ್ಲಿ ತಮ್ಮ ಹಳೆಯ ಬೀದಿಯಲ್ಲಿಯೇ ಹೊಸ ಮೈದಾನಕ್ಕೆ ಮರಳಿದರು. ಪಕ್ಕದಲ್ಲಿ ಕುಳಿತವನ ಕಷ್ಟವನ್ನು ಕಿವಿಗೊಟ್ಟು ಕೇಳುವ ರೂಢಿ ಇದ್ದುದರಿಂದಲೇ ಕೂಡಿ ಕೈಹಾಕುವುದೂ ಅವರಿಗೆ ಸಾಧ್ಯವಾಯಿತೆಂದು ನಮಗೆ ತೋರುತ್ತದೆ.

ಈ ಮಾತಿನ ಬೆಲೆ ಅದು ನಿಂತಾಗ ಇನ್ನೂ ಚೆನ್ನಾಗಿ ತಿಳಿಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಮಡಿಕೇರಿ ತಾಲ್ಲೂಕಿನಲ್ಲಿದ್ದ ಸುಬೇದಾರರ ತೋಟದ ಅರ್ಧ ಇಳಿಜಾರು, ನಿಂತ ಗಿಡಗಳ ಸಮೇತ ಹೊಳೆಗೆ ಸೇರಿತು. ಮರುವರ್ಷ ಹಾಕಿ ಹಬ್ಬ ನಡೆಯಲಿಲ್ಲ. ಆಮೇಲೆ ಕೊರೊನಾ ಬಂತು. ಸುಬೇದಾರರು ಯಾರೊಡನೆಯೂ ಮಾತನಾಡದಂತಾಗಿದ್ದಾರೆಂದು ಗೌಡರಿಂದ ತಿಳಿದಾಗ, ಭಾನುವಾರ ಸಂಜೆ ನಾವು ಅವರಿಗೆ ಫೋನು ಮಾಡತೊಡಗಿದೆವು. ಮೊದಮೊದಲು ಹೇಳಲು ಏನೂ ಇರುತ್ತಿರಲಿಲ್ಲ. ಹಳೆಯ ಪಂದ್ಯಗಳ ಗೋಲುಗಳನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೆವು. ಒಂದು ಸಂಜೆ ಅವರು ತೋಟದ ಮೇಲಿದ್ದ ಸಾಲದ ವಿಷಯ ಎತ್ತಿದರು. ನಡುವೆ ಮಾತು ನಿಂತಿತು. "ಮುಂದೆ ಹೇಳಿ ಸುಬೇದಾರರೇ" ಎಂದೆವು. ಅವರು ಕಲಿಸಿದ ಮಾತನ್ನು ಅವರಿಗೇ ಒಪ್ಪಿಸಿದ್ದು ಅಷ್ಟೆ.

2023ರಲ್ಲಿ ನಾಪೋಕ್ಲಿನಲ್ಲಿಯೇ ಅಪ್ಪಚೆಟ್ಟೋಳಂಡ ಕಪ್‌ನೊಂದಿಗೆ ಹಬ್ಬ ಮರಳಿತು. ಸಾಹೇಬರು ಇರಲಿಲ್ಲ, ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದರು. ಅವರ ಮಗ ಬಂದು, ತಂದೆಯವರು ಕುಳಿತುಕೊಳ್ಳುತ್ತಿದ್ದ ಜಾಗವನ್ನು ಕೇಳಿ ತಿಳಿದು, ಅಲ್ಲಿ ಕುಳಿತು ಕಡಲೆಕಾಯಿಯ ಪೊಟ್ಟಣ ಬಿಚ್ಚಿದನು. ಸ್ವಲ್ಪ ಹೊತ್ತು ನಮಗೆ ಆಟ ಸರಿಯಾಗಿ ಕಾಣಿಸಲಿಲ್ಲ.

ಆ ವರ್ಷದಿಂದ ನಮ್ಮ ಮನೆಯವರೂ ಜೊತೆಗೆ ಬರುತ್ತಿದ್ದಾರೆ. ಸುಬೇದಾರರ ಪತ್ನಿಯೂ ಬರುತ್ತಾರೆ. ಮಾತಿನ ರೀತಿ ಬದಲಾಗಿದೆ. ಹಿಂದೆ ನಾವು ಬೆಲೆ ಮಾತನಾಡುತ್ತಿದ್ದೆವು, ಅವರು ಖರ್ಚು ಮಾತನಾಡುತ್ತಾರೆ. 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಮೆಟ್ಟಿಲ ಮೇಲೆ ಎಲ್ಲರ ಮುಖವೂ ಅರಳಿತ್ತು. ಹೊಸ ಕಾರಿನ ಮಾತು, ಮಗನ ಮದುವೆಯ ದೊಡ್ಡ ಮಂಟಪದ ಮಾತು ಎದ್ದಿತ್ತು. ಗೌಡರು ತಮ್ಮ ಹಳೆಯ ಮಾತು ಹೇಳಲು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು, "ಒಳ್ಳೆಯ ಬೆಲೆಯ ವರ್ಷವಲ್ಲವೇ ಅಣ್ಣಾ, ಇರುವ ಸಾಲ ಮೊದಲು ತೀರಲಿ" ಎಂದರು. ಗೌಡರು ನಕ್ಕು, ತಮಗೆ ಇನ್ನು ಕೆಲಸವಿಲ್ಲವೆಂದರು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ಕುಟುಂಬಗಳು ಬಂದಾಗಲೂ ನಮ್ಮ ಕೂಟ ಒಂದು ಮೂಲೆಯಲ್ಲಿ ಕುಳಿತಿತ್ತು.

ಓದುಗ ಬಂಧುಗಳೆಲ್ಲರೂ ಹಾಕಿ ನೋಡಲು ಹೋಗಬೇಕೆಂದು ನಾವು ಹೇಳುತ್ತಿಲ್ಲ. ಪ್ರತಿಯೊಬ್ಬರಿಗೂ ಇಂತಹ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಮಠದ ಜಗಲಿ, ಸಂತೆಯ ಕಟ್ಟೆ, ಸಹಕಾರ ಸಂಘದ ಬಾಗಿಲು, ಬಸ್ಸು ಕಾಯುವ ಜಾಗ ಯಾವುದಾದರೂ ಸರಿ. ಅಲ್ಲಿ ಪಕ್ಕದವರು ಅರ್ಧ ಹೇಳಿ ನಿಲ್ಲಿಸಿದರೆ ಮುಂದೆ ಹೇಳಿ ಎನ್ನಿರಿ. ಅಲ್ಲಿ ಹಗುರವಾದ ಮನಸ್ಸನ್ನು ಹೊತ್ತು ಮನೆಗೆ ಬಂದ ಮೇಲೆ ಅದೇ ಮಾತನ್ನು ಮನೆಯಲ್ಲಿಯೂ ಆಡಿರಿ. ನಮ್ಮ ಮನೆಯಲ್ಲಿ ಈಗ ಸೋಮವಾರ ಸಂಜೆ ಪೂಜೆಯಾದ ಮೇಲೆ ವಾರದ ಲೆಕ್ಕವನ್ನು ಇಬ್ಬರೂ ಕೂಡಿ ನೋಡುವ ಪದ್ಧತಿಯಿದೆ. ಪುಸ್ತಕ ಮನೆಯವರ ಕೈಯಲ್ಲಿರುತ್ತದೆ, ಓದುವವರು ನಾವು. ಎದುರುಬದುರು ಕುಳಿತೇ ಓದುತ್ತೇವೆ.